ಟೈಮಿಲ್ಲದವರ ಕಂಪನಿ

ರಾತ್ರಿ ಹನ್ನೊಂದಕ್ಕೆ ಆಫೀಸಿನಿಂದ ಬಂದು ಮ್ಯಾಗಿ ಬೇಯಿಸ್ಕೊಂಡು ತಿನ್ನೋರಲ್ಲಿ ನಾನೂ ಒಬ್ಬ. ಹಾಗಾಗಿ ಮಡಿಯಲ್ಲಿ ನಿಂತು ನೆಸ್ಲೆನ ಬೈತಿದ್ದೀನಿ ಅಂದ್ಕೋಬೇಡಿ.

ಈ ಕಂಪನಿ ಹುಟ್ಟಿದ್ದು ನಿಜವಾದ ಕಷ್ಟವೊಂದರಿಂದ. ಸ್ವಿಟ್ಜರ್‌ಲೆಂಡಿನಲ್ಲೂ ಹಸುಗೂಸುಗಳು ದಂಡಿಯಾಗಿ ಸಾಯ್ತಿದ್ದ ಕಾಲ. 1867ರಲ್ಲಿ ವೆವೆ ಊರಿನ ಹೆನ್ರಿ ನೆಸ್ಲೆ ಹಾಲು, ಗೋಧಿಹಿಟ್ಟು, ಸಕ್ಕರೆ ಸೇರಿಸಿ ತಾಯಿಹಾಲು ಸಿಗದ ಮಕ್ಕಳಿಗೆ ಆಹಾರ ತಯಾರಿಸಿದ. 1880ರ ದಶಕದಲ್ಲಿ ಅದೇ ದೇಶದ ಜೂಲಿಯಸ್ ಮ್ಯಾಗಿ, ಕಾರ್ಖಾನೆಯಲ್ಲಿ ದುಡಿದು ಅಡುಗೆಗೆ ಹೊತ್ತು ಸಿಗದ ಹೆಂಗಸರಿಗಾಗಿ ಬೇಳೆಕಾಳಿನ ದಿಢೀರ್ ಸೂಪು ತಂದ. ಆ ಕಂಪನಿ 1947ರಲ್ಲಿ ನೆಸ್ಲೆ ಜೊತೆ ಸೇರಿತು. ಬ್ರೆಜಿಲ್‌ನಲ್ಲಿ ಕೊಳ್ಳೋರಿಲ್ಲದೆ ರಾಶಿ ಬಿದ್ದ ಕಾಫಿಬೀಜಕ್ಕೆ ದಾರಿ ಹುಡುಕುತ್ತಾ 1938ರಲ್ಲಿ ನೆಸ್ಕೆಫೆ ಬಂತು.

ಮೂರೂ ಒಳ್ಳೆ ಕೆಲಸಗಳೇ. ನನ್ನ ತಕರಾರು ಮುಂದಿನ ಕಥೆ ಬಗ್ಗೆ. ಕಷ್ಟದಲ್ಲಿರೋರಿಗೆ ಮಾತ್ರ ಮಾರಿದರೆ ಕಂಪನಿ ಒಂದು ಅಳತೆಗೆ ನಿಲ್ಲುತ್ತೆ. ಬೆಳೀಬೇಕು ಅಂದ್ರೆ ಆ ಕಷ್ಟ ಇಲ್ಲದವರಿಗೂ ಮಾರಬೇಕು. 1970ರ ದಶಕದ ಹೊತ್ತಿಗೆ ಹಾಲಿನ ಪುಡಿಯ ಪ್ರಚಾರ ಬಡದೇಶಗಳಲ್ಲಿ ಮೊಲೆಹಾಲು ಕೊಡಬಲ್ಲ ತಾಯಂದಿರನ್ನೂ ಮುಟ್ಟಿತ್ತು. ಶುದ್ಧ ನೀರಿಲ್ಲದ ಮನೆಯಲ್ಲಿ, ದುಡ್ಡು ಸಾಲದೆ ಪುಡಿಯನ್ನು ತೆಳ್ಳಗೆ ಕಲಸಿ ಕುಡಿಸಿದರೆ ಮಗುವಿನ ಗತಿ ಏನು? 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೀತಿಸಂಹಿತೆ ಬಂತು, 1992ರಲ್ಲಿ ಭಾರತದ ಕಾನೂನು.

ಪಾಠ ಕಲಿತರಾ? 2024ರಲ್ಲಿ ಸ್ವಿಸ್ ಸಂಸ್ಥೆ ಪಬ್ಲಿಕ್ ಐ ಬಯಲಿಗೆಳೆದಿದ್ದು ಇದು: ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ ಸುಮಾರು 3 ಗ್ರಾಂ ಸೇರಿಸಿದ ಸಕ್ಕರೆ, ಜರ್ಮನಿ, ಬ್ರಿಟನ್‌ನಲ್ಲಿ ಅಂಥದ್ದೇ ಆಹಾರದಲ್ಲಿ ಸೊನ್ನೆ. ಸಕ್ಕರೆ ಕಮ್ಮಿ ಮಾಡ್ತಾ ಬಂದಿದ್ದೀವಿ ಅಂತ ಕಂಪನಿ ಹೇಳಿತು. ಸರಿ, ಆದರೆ ಅಲ್ಲಿಯ ಕೂಸಿಗೆ ಬೇಡದ್ದು ಇಲ್ಲಿಯ ಕೂಸಿಗೆ ಯಾಕೆ ಬೇಕಿತ್ತು?

ಇನ್ನು ನಮ್ಮ ವಿಷಯ. 2015ರ ಜೂನ್‌ನಲ್ಲಿ ಸೀಸದ ಅಂಶದ ಆರೋಪದ ಮೇಲೆ ಮ್ಯಾಗಿ ನಿಷೇಧವಾಯ್ತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡ್ತು, ನವೆಂಬರ್‌ನಲ್ಲಿ ಅದು ಅಂಗಡಿಗೆ ವಾಪಸ್. ಮಧ್ಯದ ಆ ತಿಂಗಳುಗಳಲ್ಲಿ ನಾವು ಹೇಗಿದ್ವಿ ನೆನಪಿದೆಯಾ? ಪ್ಯಾಕೆಟ್ಟಿನಲ್ಲಿ ಏನಿತ್ತು ಅಂತ ಕೇಳಿದವರಿಗಿಂತ, ಯಾವಾಗ ವಾಪಸ್ ಬರುತ್ತೆ ಅಂತ ಕೇಳಿದವರೇ ನನ್ನ ಸುತ್ತ ಜಾಸ್ತಿ. ನಾನೂ ಅದನ್ನೇ ಕೇಳಿದ್ದೆ.

ನಂಜನಗೂಡಿನಲ್ಲೇ ಇವರ ಕಾರ್ಖಾನೆ ಇದೆ, ನಮ್ಮೂರಿನವರಿಗೆ ಕೆಲಸವೂ ಸಿಕ್ಕಿದೆ. ಆದ್ದರಿಂದ ಬಾಗಿಲು ಹಾಕಿಸಿ ಅಂತ ನಾನು ಹೇಳ್ತಿಲ್ಲ. ಜೂಲಿಯಸ್ ಮ್ಯಾಗಿ ಕಾಲದ ಆ ಹೆಂಗಸರಿಗೆ ಬೇರೆ ದಾರಿ ಇರಲಿಲ್ಲ. ಡಿಗ್ರಿ, ಸಂಬಳ ಎಲ್ಲಾ ಇರೋ ನಾವೂ ರಾತ್ರಿ ಹನ್ನೊಂದಕ್ಕೆ ಅದೇ ಸಾಲಿನಲ್ಲಿ ನಿಂತಿದ್ದೀವಲ್ಲ, ನಮ್ಮ ಟೈಮ್ ತಿಂದಿದ್ದು ಯಾರು? ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದೋಣ. ನಾಳೆ ಮ್ಯಾನೇಜರ್‌ಗೆ "ಏಳಕ್ಕೆ ಹೊರಡ್ತೀನಿ ಸರ್" ಅಂತಾನೂ ಹೇಳಿ ನೋಡೋಣ.