ಫೊಯಿಬೆಯ ಹುದ್ದೆ
ಹೆಂಗಸರು ಚರ್ಚಿನಲ್ಲಿ ಬೋಧಿಸಬಾರದು ಎನ್ನುವವರು ಸಂತ ಪೌಲನ ಮಾತನ್ನೇ ಮುಂದಿಡುತ್ತಾರೆ. ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಫೊಯಿಬೆ ಎಂಬಾಕೆಯನ್ನು 'ದಿಯಾಕೊನೊಸ್' ಎಂದು ಪರಿಚಯಿಸುತ್ತಾನೆ. ಬೇರೆಡೆ ತನ್ನನ್ನೂ ಅದೇ ಗ್ರೀಕ್ ಪದದಿಂದ ಕರೆದುಕೊಳ್ಳುತ್ತಾನೆ. ಆದರೆ 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದದಲ್ಲಿ ಪೌಲ 'ಮಿನಿಸ್ಟರ್', ಫೊಯಿಬೆ ಬರೀ 'ಸರ್ವೆಂಟ್'! ಕನ್ನಡದ ಕಿವಿಗೂ ಈ ತಾರತಮ್ಯ ಹೊಸದಲ್ಲ: 'ದೇವಸೇವಕ' ಎಂದರೆ ಪಾಸ್ಟರು, 'ಸೇವಕಿ' ಎಂದರೆ ಮನೆಗೆಲಸದವಳು.

1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಮೊದಲ ಮಹಿಳಾ ಬಿಷಪ್, ನಂದ್ಯಾಲದ ಪುಷ್ಪಲಲಿತಾ, ಸಿಕ್ಕಿದ್ದು 2013ರಲ್ಲಿ. ಆ 66 ವರ್ಷಗಳ ತಡಕ್ಕೆ ಒಂದು ಪದವೇ ಕಾರಣ ಎನ್ನಲಾರೆ. ಆದರೆ ಫೊಯಿಬೆಗೆ ಅವಳ ಹುದ್ದೆಯನ್ನು ಮರಳಿಸಲು ಹೊಸ ದೇವಶಾಸ್ತ್ರವೇನೂ ಬೇಡ, ಪ್ರಾಮಾಣಿಕ ಅನುವಾದ ಸಾಕು ಎನ್ನುತ್ತೇನೆ.