ಕಲ್ಲಿನ ಸೈನಿಕ ತೊಟ್ಟ ಕವಚ

ರೋಮನ್ ಸೈನಿಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಎದೆ, ಹೆಗಲುಗಳನ್ನು ಸುತ್ತಿದ ಕಬ್ಬಿಣದ ಪಟ್ಟಿಗಳ ಕವಚ, ಕೈಯಲ್ಲಿ ಗುರಾಣಿ, ಸಾಲು ತಪ್ಪದ ನಡಿಗೆ. ಸಿನಿಮಾಗಳಲ್ಲೂ ಪಠ್ಯಪುಸ್ತಕಗಳಲ್ಲೂ ನಾವು ಕಂಡಿರುವುದು ಇವನನ್ನೇ. ಈ ಚಿತ್ರ ಬಹುಮಟ್ಟಿಗೆ ಬಂದದ್ದು ರೋಮ್ ನಗರದ ಟ್ರಾಜನ್ ಸ್ತಂಭದಿಂದ. ಆದರೆ ಆ ಕಲ್ಲು ಹೇಳುವುದು ಎಷ್ಟು ನಿಜ?

ಚಕ್ರವರ್ತಿ ಟ್ರಾಜನ್ ಕ್ರಿ.ಶ. 101-102 ಮತ್ತು 105-106ರಲ್ಲಿ ಎರಡು ಯುದ್ಧ ನಡೆಸಿ ಇಂದಿನ ರೊಮೇನಿಯಾದ ಡೇಸಿಯಾವನ್ನು ಗೆದ್ದುಕೊಂಡ. ಆ ಗೆಲುವಿನ ನೆನಪಿಗೆ 113ರಲ್ಲಿ ನಿಂತ ಈ ಅಮೃತಶಿಲೆಯ ಕಂಬ ಸುಮಾರು 30 ಮೀಟರ್ ಎತ್ತರವಿದೆ. ಅದರ ಸುತ್ತ ಬಳ್ಳಿಯಂತೆ ಹಬ್ಬಿದ ಉಬ್ಬುಶಿಲ್ಪದಲ್ಲಿ 2,500ಕ್ಕೂ ಹೆಚ್ಚು ಮನುಷ್ಯರಿದ್ದಾರೆ. ಟ್ರಾಜನ್ ಒಬ್ಬನೇ ಸುಮಾರು 60 ಬಾರಿ ಕಾಣಿಸಿಕೊಳ್ಳುತ್ತಾನೆ. ಕಲೆಯಾಗಿ ಅದು ಬೆರಗು ಹುಟ್ಟಿಸುವ ಕೃತಿ ಎಂಬುದರಲ್ಲಿ ಎರಡು ಮಾತಿಲ್ಲ.

ಅದನ್ನು ಸಾಕ್ಷಿಯೆಂದು ಕರೆದಾಗಲೇ ತೊಡಕು ಶುರುವಾಗುವುದು. ಸ್ತಂಭದ ಮೇಲೆ ರೋಮನ್ ಪೌರರಾದ ಲೀಜನ್ ಸೈನಿಕರೆಲ್ಲ ಪಟ್ಟಿ ಕವಚ ತೊಟ್ಟಿದ್ದಾರೆ. ಪೌರತ್ವವಿಲ್ಲದ ಸಹಾಯಕ ಪಡೆಯವರಿಗೆ ಉಂಗುರಗಳನ್ನು ಹೆಣೆದ ಅಂಗಿ. ಯಾರು ಯಾರೆಂದು ನೋಡುಗನಿಗೆ ಉಡುಪಿನಿಂದಲೇ ತಿಳಿಯಬೇಕೆಂದು ಶಿಲ್ಪಿ ಮಾಡಿಕೊಂಡ ಏರ್ಪಾಟಿದು. ಗುರಾಣಿಗಳೂ ಅಳತೆಗಿಂತ ಚಿಕ್ಕವು. ದೊಡ್ಡದಾಗಿದ್ದರೆ ಮೈಕಟ್ಟು ಮುಚ್ಚಿಹೋಗುತ್ತಿತ್ತು. ಶತ್ರುಗಳ ಜೊತೆ ಬಂದ ಸರ್ಮೇಷಿಯನ್ ಸವಾರರ ಪಾಡಂತೂ ವಿಚಿತ್ರ. ಮೀನಿನ ಹುರುಪೆಯಂಥ ಕವಚ ಅವರ ಮೈಗೂ ಕುದುರೆಯ ಗೊರಸಿನವರೆಗೂ ಚರ್ಮದಂತೆ ಅಂಟಿಕೊಂಡಿದೆ. ಅದನ್ನು ತೊಟ್ಟು ಯಾವ ಕುದುರೆ ಓಡೀತು? ಕೆತ್ತಿದವರು ಅಂಥ ಸವಾರರನ್ನು ಕಣ್ಣಾರೆ ಕಂಡಿರಲಾರರು.

ನೆಲ ಅಗೆದಾಗ ಸಿಕ್ಕ ಕವಚಗಳು ಬೇರೆಯೇ ಕಥೆ ಹೇಳುತ್ತವೆ. 1964ರಲ್ಲಿ ಇಂಗ್ಲೆಂಡಿನ ಕಾರ್ಬ್ರಿಜ್‌ನಲ್ಲಿ ಹೂತಿಟ್ಟ ಮರದ ಪೆಟ್ಟಿಗೆಯೊಂದರಲ್ಲಿ ಪಟ್ಟಿ ಕವಚದ ಭಾಗಗಳು ದೊರೆತವು. ಕೀಲು, ಕೊಕ್ಕೆ, ಒಳಗಿನ ತೊಗಲಿನ ಪಟ್ಟಿಗಳಿಂದ ಅದು ಹೇಗೆ ಕೂಡಿಕೊಳ್ಳುತ್ತಿತ್ತೆಂಬುದು ಆಮೇಲಷ್ಟೇ ಸ್ಪಷ್ಟವಾಯಿತು. ಕವಚ ನಿಜ, ಆದರೆ ಸ್ತಂಭದ ಮೇಲಿನ ಅದರ ರೂಪ ಸರಳಗೊಳಿಸಿದ್ದು. ಎಲ್ಲರೂ ಅದನ್ನೇ ತೊಡುತ್ತಿದ್ದರೆಂಬುದು ಅದಕ್ಕಿಂತ ದೊಡ್ಡ ಸರಳೀಕರಣ.

ಇದಕ್ಕೆ ಉತ್ತರವೆಂಬಂತೆ ಇನ್ನೊಂದು ಸ್ಮಾರಕವಿದೆ. ರೊಮೇನಿಯಾದ ಆಗ್ನೇಯ ಭಾಗದ ಆದಾಂಕ್ಲಿಸಿಯಲ್ಲಿ 109ರಲ್ಲಿ ಅದೇ ಟ್ರಾಜನ್ ಹೆಸರಿನಲ್ಲಿ ಎದ್ದು ನಿಂತದ್ದು. ಅದರ 54 ಶಿಲ್ಪಫಲಕಗಳಲ್ಲಿ 49 ಉಳಿದಿವೆ. ಒಂದು ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಕೆತ್ತನೆ ಒರಟು, ಮನುಷ್ಯರು ಗಿಡ್ಡ, ಮುಖಗಳಲ್ಲಿ ಲಾಲಿತ್ಯವಿಲ್ಲ. ಆದರೆ ಇಲ್ಲಿನ ಲೀಜನ್ ಸೈನಿಕರು ಉಂಗುರದ ಕವಚವನ್ನೂ ಹುರುಪೆ ಕವಚವನ್ನೂ ತೊಟ್ಟಿದ್ದಾರೆ. ಕೆಲವರ ಬಲತೋಳಿಗೆ ಪಟ್ಟಿಗಳ ರಕ್ಷೆ, ಕಾಲಿಗೆ ಕಾಲುಕವಚ. ಎದುರಿನ ಶತ್ರು ಎರಡೂ ಕೈಯಲ್ಲಿ ಹಿಡಿದು ಬೀಸುವ, ಕುಡುಗೋಲಿನಂತೆ ಒಳಕ್ಕೆ ಬಾಗಿದ ಉದ್ದನೆಯ ಕತ್ತಿ ನೋಡಿದರೆ ಕಾರಣ ಅರ್ಥವಾಗುತ್ತದೆ.

ಒರಟಾಗಿರುವುದೆಲ್ಲ ಸತ್ಯವೆಂದೇನೂ ನಾವು ಹೇಳುತ್ತಿಲ್ಲ. ಇಲ್ಲಿ ಮಣ್ಣೂ ಕಲ್ಲಿನ ಮಾತನ್ನು ಒಪ್ಪುತ್ತದೆ. 2001ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಕಬ್ಬಿಣದ ತೋಳುರಕ್ಷೆಗಳೇ ಸಿಕ್ಕಿದವು. ರೊಮೇನಿಯಾದ ಬೆರ್ಜೋವಿಯಾದಲ್ಲಿ ದೊರೆತ ಶಿರಸ್ತ್ರಾಣದ ನೆತ್ತಿಯ ಮೇಲೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳಿವೆ. ಮೇಲಿನಿಂದ ಬೀಳುವ ಏಟು ತಡೆಯಲೆಂದೇ ಮಾಡಿದ ಭದ್ರತೆಯಿದು.

ಈ ಎರಡು ಸ್ಮಾರಕಗಳ ಅಂತರ ಕುಶಲತೆಯದಷ್ಟೇ ಅಲ್ಲ. ತೋಳಿಗೆ ಹೆಚ್ಚುವರಿ ಕಬ್ಬಿಣ ಕಟ್ಟಿಕೊಂಡ ಸೈನಿಕ ಹೆದರಿದ್ದಾನೆ. ಅವನನ್ನು ಹೆದರಿಸಬಲ್ಲ ಶತ್ರು ಅಲ್ಲಿದ್ದಾನೆ. ಗಡಿನಾಡಿನ ಕಲ್ಲು ಇದನ್ನು ಮುಚ್ಚಿಡಲಿಲ್ಲ. ರಾಜಧಾನಿಯ ಸ್ತಂಭದಲ್ಲಿ ಆ ತೋಳುರಕ್ಷೆಯೂ ಇಲ್ಲ, ಆ ಭಯವೂ ಇಲ್ಲ. ಅಲ್ಲಿ ಯುದ್ಧವೆಂದರೆ ಶಿಸ್ತಿನ ಕೆಲಸ, ಡೇಸಿಯನ್ನರು ಸೋಲಲೆಂದೇ ಬಂದವರು. ಕವಚದ ತಪ್ಪುಗಳನ್ನು ಶಿಲ್ಪಿಯ ಅಜ್ಞಾನವೆಂದು ತಳ್ಳಿಹಾಕಿದರೆ ಈ ಮಾತು ನಮಗೆ ಕೇಳಿಸುವುದಿಲ್ಲ. ಒಂದಿಷ್ಟು ಅಜ್ಞಾನ, ಒಂದಿಷ್ಟು ಅಲಂಕಾರ, ಉಳಿದದ್ದು ಪ್ರಭುತ್ವ ತನ್ನ ಪ್ರಜೆಗಳಿಗೆ ತೋರಿಸಬಯಸಿದ ಯುದ್ಧ.

ಆ ಚಿತ್ರ ಇಂದಿಗೂ ಗೆಲ್ಲುತ್ತಿದೆ ಎಂಬುದೇ ಯೋಚಿಸಬೇಕಾದ ಸಂಗತಿ. ರೋಮ್ ಸ್ತಂಭದ ಅಚ್ಚುಪ್ರತಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲೂ ನಿಂತಿದೆ. ಆದಾಂಕ್ಲಿಸಿಯ ಹೆಸರು ಕೇಳಿದವರು ಕಡಿಮೆ. ಸ್ಮಾರಕದ ಮುಂದೆ ನಿಂತಾಗ ಅದರ ಚೆಲುವಿಗೆ ತಲೆದೂಗೋಣ. ಜೊತೆಗೇ, ಇದನ್ನು ಕೆತ್ತಿಸಿದವರು ಯಾರು, ಯಾರಿಗೆ ತೋರಿಸಲು, ಏನನ್ನು ಬಿಟ್ಟು ಕೆತ್ತಿಸಿದರು ಎಂದೂ ಕೇಳೋಣ.