ಕಳೆಗಿಡಕ್ಕೆ ಒಂಬತ್ತು ದಿನದ ಪಟ್ಟ

ಭಾದ್ರಪದ ಮುಗಿಯುವ ಹೊತ್ತಿಗೆ ಹೈದರಾಬಾದಿನ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಗೆ ಚೆಂಡು, ಸೇವಂತಿಗೆಗಳ ರಾಶಿಯ ಜೊತೆ ಇನ್ನೆರಡು ಸರಕು ಬರುತ್ತವೆ. ಒಂದು ಗುನುಗು, ಕನ್ನಡಿಗರ ಅಣ್ಣೆ ಸೊಪ್ಪು. ಜೋಳದ ಹೊಲದಲ್ಲಿ ರೈತ ಬಯ್ಯುತ್ತಲೇ ಕಿತ್ತೆಸೆಯುವ ಕಳೆ ಅದು. ಇನ್ನೊಂದು ತಂಗಡಿ ಹೂ. ಯಾರೂ ಬಿತ್ತದೆ, ಯಾರೂ ನೀರುಣಿಸದೆ ಪಾಳುನೆಲದಲ್ಲಿ ತಾನೇ ಎದ್ದು ನಿಲ್ಲುವ ಗಿಡದ್ದು. ವರ್ಷದ ಉಳಿದ ದಿನಗಳಲ್ಲಿ ಇವೆರಡನ್ನೂ ಕಾಸು ಕೊಟ್ಟು ಕೊಳ್ಳುವವರಿಲ್ಲ. ತೆಲಂಗಾಣದ ಹೂವಿನ ಹಬ್ಬವಾದ ಬತುಕಮ್ಮದ ಒಂಬತ್ತು ದಿನ ಮಾತ್ರ ಮುಂಜಾನೆಯೇ ಇವಕ್ಕೆ ಚೌಕಾಸಿ ನಡೆಯುತ್ತದೆ.

ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗಿನ ಬತುಕಮ್ಮವನ್ನು ಹಬ್ಬವೆಂದು ಕೊಂಡಾಡಿದವರು ಬಹಳ, ಹೂವಿನ ಕಲೆಯೆಂದು ತೂಗಿ ನೋಡಿದವರು ಕಡಿಮೆ. ಹಾಗೆ ತೂಗಿದರೆ ದಖ್ಖನ್ನಿನಲ್ಲಿ ಅದಕ್ಕೆ ಸಾಟಿಯಾದದ್ದು ಸುಲಭಕ್ಕೆ ಸಿಗದು.

ಬತುಕಮ್ಮವೆಂದೇ ಕರೆಯುವ ಹೂಗೋಪುರವನ್ನು ಕಟ್ಟುವ ಬಗೆಯನ್ನೇ ನೋಡಬೇಕು. ಹಿತ್ತಾಳೆಯ ಹರಿವಾಣ ಅಥವಾ ಬಿದಿರಿನ ಸಿಬ್ಬಲಿನ ಮೇಲೆ ಸಿಹಿಗುಂಬಳದ ಎಲೆ ಹಾಸಿ, ಅಂಚಿಗೆ ತಂಗಡಿಯ ಒಂದು ಸುತ್ತು. ಆಮೇಲೆ ಗುನುಗು. ತೆನೆಯಂಥ ಹೂಗಳನ್ನು ಹಿಡಿಹಿಡಿಯಾಗಿ ದಾರದಲ್ಲಿ ಬಿಗಿದು, ಕಾಂಡಗಳನ್ನು ಒಂದೇ ಅಳತೆಗೆ ಕತ್ತರಿಸಿ, ತುದಿಗಳನ್ನು ಬಣ್ಣದ ನೀರಿಗೆ ಅದ್ದಿ, ತಲೆ ಹೊರಗೆ ಕಾಂಡ ಒಳಗೆ ಬರುವಂತೆ ಮಲಗಿಸುತ್ತ ಹೋಗುತ್ತಾರೆ. ಸುತ್ತು ಏರಿದಂತೆಲ್ಲ ನಡುವಿನ ಟೊಳ್ಳಿಗೆ ಉಳಿದ ಎಲೆ, ಮುರಿದ ಕಾಂಡ, ಉದುರಿದ ಹೂಗಳನ್ನೇ ತುಂಬಿ ಒತ್ತುತ್ತಾರೆ. ಕೆಲಸ ಮುಗಿದ ಮೇಲೆ ಅಂಗಳದಲ್ಲಿ ಗುಡಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ತುದಿಗೆ ಕುಂಬಳದ ಹೂ, ಅರಿಶಿನದ ಗೌರಮ್ಮ.

ಈ ಜೋಡಣೆಯಲ್ಲಿ ಅಡಗಿರುವ ಜಾಣ್ಮೆ ದೊಡ್ಡದು. ಗುನುಗಿನ ಹೂ ಕಾಗದದಂತೆ ಒಣಒಣ. ಕಿತ್ತು ಎರಡು ದಿನವಾದರೂ ಆಕಾರ ಬಿಡದು, ಗೋಪುರದ ಭಾರ ಹೊರುವುದು ಅದೇ. ತಂಗಡಿ ಅದಕ್ಕೆ ತದ್ವಿರುದ್ಧ. ಬಂಗಾರದ ಬಣ್ಣದ ಮೆದು ಎಸಳು, ಬಿಸಿಲೇರುತ್ತಲೇ ಸೊರಗುತ್ತದೆ. ಹಾಗಾಗಿ ತಂಗಡಿಯಿಟ್ಟ ಬತುಕಮ್ಮವನ್ನು ನಾಳೆಗೆಂದು ಕಾದಿಡುವ ಮಾತೇ ಇಲ್ಲ. ಬೆಳಿಗ್ಗೆ ಕಟ್ಟಿ, ಸಂಜೆ ಅದರ ಸುತ್ತ ಚಪ್ಪಾಳೆ ತಟ್ಟಿ ಹಾಡಿ, ಕತ್ತಲಿಗೆ ನೀರಿಗೆ ಬಿಟ್ಟು ಬರಬೇಕು. ಹಬ್ಬದ ಊಟವೂ ಸರಳ. ಒಂದು ದಿನ ಅವಲಕ್ಕಿ, ಒಂದು ದಿನ ಗಟ್ಟಿ ತೊವ್ವೆ, ಒಂದು ದಿನ ನೆನೆಸಿದ ಅಕ್ಕಿ, ಇನ್ನೊಂದು ದಿನ ಬೆಣ್ಣೆಮುದ್ದೆ. ಆರನೆಯ ದಿನ ಅಮ್ಮ ಮುನಿದಿದ್ದಾಳೆಂದು ಬತುಕಮ್ಮ ಕಟ್ಟುವುದೇ ಇಲ್ಲ. ಕೊನೆಯ ದಿನದ ‘ಸದ್ದುಲ ಬತುಕಮ್ಮ’ಕ್ಕೆ ಮೊಸರನ್ನ, ಹುಳಿಯನ್ನ, ಎಳ್ಳಿನನ್ನದ ಬುತ್ತಿ, ಜೊತೆಗೆ ರೊಟ್ಟಿ ಪುಡಿಮಾಡಿ ಬೆಲ್ಲ ಕಲಸಿದ ಮಲೀದಾ. ಕಲಬುರಗಿಯವರಿಗೆ ಮಲೀದಾ ಏನೆಂದು ಹೇಳಿಕೊಡಬೇಕಿಲ್ಲ.

ಇಷ್ಟು ಹೊಗಳಿದ ಮೇಲೆ ತಕರಾರಿಗೂ ಜಾಗ ಕೊಡಬೇಕು.

2014ರಲ್ಲಿ ತೆಲಂಗಾಣ ರಾಜ್ಯವಾದ ಕೂಡಲೇ ಬತುಕಮ್ಮ ರಾಜ್ಯದ ಹಬ್ಬವಾಯಿತು, ತಂಗಡಿ ರಾಜ್ಯದ ಹೂವಾಯಿತು. ಹಳ್ಳಿಯ ಹೆಂಗಸರ ಆಟವೆಂದು ಮೂಲೆಗೆ ಸರಿದಿದ್ದ ಹಬ್ಬವನ್ನು ಪ್ರತ್ಯೇಕ ರಾಜ್ಯದ ಚಳವಳಿ ನಗರದ ನಡುಬೀದಿಗೆ ತಂದು ನಿಲ್ಲಿಸಿತು. 2006ರಲ್ಲಿ ಶುರುವಾದ ತೆಲಂಗಾಣ ಜಾಗೃತಿ ಸಂಸ್ಥೆಯ ಪಾಲು ಅದರಲ್ಲಿ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ನಡುಬೀದಿಗೆ ಬಂದದ್ದು ಅಲ್ಲಿಗೇ ನಿಲ್ಲಲಿಲ್ಲ, ಕ್ರೀಡಾಂಗಣಕ್ಕೂ ಹೋಯಿತು. 2016ರ ಅಕ್ಟೋಬರಿನಲ್ಲಿ ಹೈದರಾಬಾದಿನ ಎಲ್‌.ಬಿ. ಸ್ಟೇಡಿಯಂನಲ್ಲಿ 9,292 ಹೆಂಗಸರು ಒಟ್ಟಿಗೆ ಕುಣಿದು ಗಿನ್ನೆಸ್ ದಾಖಲೆ ಬರೆದರು. 2021ರಲ್ಲಿ ಎ.ಆರ್. ರೆಹಮಾನ್ ಸಂಗೀತ ಕೊಟ್ಟು, ಗೌತಮ್ ಮೆನನ್ ಚಿತ್ರೀಕರಿಸಿದ ‘ಅಲ್ಲಿಪೂಲ ವೆನ್ನೆಲ’ ಬಂತು. ಹಾಡು ಇಂಪಾಗಿಯೇ ಇದೆ. ಆದರೆ ಬತುಕಮ್ಮದ ಪದಗಳು ಒಬ್ಬಳು ಹೇಳಿ ಉಳಿದವರು ಮರುನುಡಿಯುವಂಥವು. ಹಿರಿಯಳ ಉಸಿರು ಎಳೆದಷ್ಟು ಸಾಲು, ಅವಳ ಹೆಜ್ಜೆ ಬಿದ್ದಷ್ಟು ವೇಗ. ಮುಂದಿನ ಸಾಲು ಮರೆತರೆ ಯಾವಳೋ ಎತ್ತಿಕೊಡುತ್ತಾಳೆ, ಇಲ್ಲವೇ ಹೊಸದೊಂದನ್ನು ಅಲ್ಲೇ ಕಟ್ಟುತ್ತಾಳೆ. ಸ್ಪೀಕರಿಗೆ ಮರೆವೆಂಬುದಿಲ್ಲ, ಅದರ ಎದುರು ಯಾರೂ ಹೊಸ ಸಾಲು ಕಟ್ಟುವುದೂ ಇಲ್ಲ. ಇಂದು ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಕಾಣುವುದು ಬಹುಪಾಲು ಡಿಜೆ ಹಾಕಿದ ಹಾಡಿಗೆ ಹೆಜ್ಜೆ ಕೂಡಿಸುವ ಕುಣಿತ. ನೋಡಲು ಚೆಂದ, ಕೇಳಲು ಎಲ್ಲ ಕಡೆಯೂ ಒಂದೇ.

ಬಣ್ಣದ ವಿಚಾರವೂ ಹಾಗೆಯೇ. ಗುನುಗಿನ ತುದಿಗೆ ಬಣ್ಣ ಕಟ್ಟುವುದು ಹಳೆಯ ರೂಢಿ, ತಪ್ಪಲ್ಲ. ಆದರೆ ಈಗಿನ ರಾಸಾಯನಿಕ ನೀಲಿ, ಗಿಳಿಹಸಿರುಗಳ ಅಬ್ಬರದಲ್ಲಿ ಆ ಹೂವಿನ ಸ್ವಂತ ಬಣ್ಣ, ಬಿಳಿಯಿಂದ ನಸುಗೆಂಪಿಗೆ ಜಾರುವ ಆ ಸೂಕ್ಷ್ಮ, ಪೂರ್ತಿ ಮುಳುಗಿಹೋಗಿದೆ. ಹೂಗಳು ಕೆರೆಯ ನೀರನ್ನು ಶುದ್ಧ ಮಾಡುತ್ತವೆಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಹಳ್ಳಿಯ ತಿಳಿಗೆರೆಗೆ ನಾಲ್ಕು ಮನೆಯ ಹೂ ಬಿದ್ದರೆ ಅಡ್ಡಿಯಿಲ್ಲ. ಆದರೆ ಹೈದರಾಬಾದಿನ 16ನೇ ಶತಮಾನದ ಕೆರೆ ಹುಸೇನ್ ಸಾಗರ ಈಗಾಗಲೇ ನಗರದ ಕೊಳೆಯನ್ನು ಹೊತ್ತಿದೆ. ಅದಕ್ಕೆ ಬಣ್ಣ ಹಚ್ಚಿದ ಹೂರಾಶಿ ಸುರಿದು ಔಷಧಿಯೆನ್ನುವುದು ನಂಬುವ ಮಾತಲ್ಲ. ಕೊಳೆಯುವ ಹೂ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತಕರಾರು ನೆಲದ್ದು. ತಂಗಡಿಗೆ ಬೇಕಾದದ್ದು ಕಲ್ಲುಗುಡ್ಡದ ಇಳಿಜಾರು, ಗೋಮಾಳ, ಕುರುಚಲು. ಗುನುಗಿಗೆ ಬೇಕಾದದ್ದು ಕಳೆನಾಶಕ ಹೊಡೆಯದ ಹೊಲ. ಹೈದರಾಬಾದಿನ ಪಶ್ಚಿಮದಲ್ಲಿ ಇವೆಲ್ಲ ಗಾಜಿನ ಕಟ್ಟಡಗಳ ಅಡಿಗೆ ಹೋಗಿ ಕಾಲು ಶತಮಾನವಾಗುತ್ತ ಬಂತು. 2025ರ ಮಾರ್ಚ್ ಕೊನೆಗೆ ಅದೇ ಕಡೆಯ ಕಂಚ ಗಚ್ಚಿಬೌಲಿಯ 400 ಎಕರೆ ಕುರುಚಲಿಗೆ ಬುಲ್ಡೋಜರ್ ಇಳಿದಾಗ ವಿದ್ಯಾರ್ಥಿಗಳು ಬೀದಿಗೆ ಬಂದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದು ಕಾಡೋ ಬೀಳುಭೂಮಿಯೋ ಎಂಬ ವಾದದಲ್ಲಿ ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸಲಿಲ್ಲ. ರಾಜ್ಯದ ಹೂವಿನ ಸಹಜ ಮನೆ ಕಡತಗಳಲ್ಲಿ ಬೀಳು ಎಂದು ಬರೆಸಿಕೊಳ್ಳುವ ಇಂಥ ನೆಲವೇ.

ಇಲ್ಲಿ ಹೈದರಾಬಾದಿನ ಕನ್ನಡಿಗರ ಇನ್ನೊಂದು ಸುಖವನ್ನು ಪಕ್ಕಕ್ಕಿಟ್ಟು ನೋಡಬಹುದು. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾದರೂ ಕಾಚಿಗುಡದಲ್ಲಿ ನೃಪತುಂಗ ಶಾಲೆ ಕಟ್ಟಿಕೊಂಡವರು ನಗರದಲ್ಲೇ ಉಳಿದರು. ಆಶ್ವಯುಜದಲ್ಲಿ ಅವರ ಮನೆಯ ಹೆಂಗಸರೂ ನೆರೆಯವರ ಬತುಕಮ್ಮಕ್ಕೆ ಹೆಜ್ಜೆ ಹಾಕುತ್ತಾರೆ. ಆದರೆ ಮಾರ್ಗಶಿರದ ಎಳ್ಳಮಾವಾಸ್ಯೆಗೆ ಹೊಲ ಉಳಿಸಿಕೊಂಡವರು ಊರಿನ ಬಸ್ಸು ಹತ್ತುತ್ತಾರೆ. ಬೀದರಿನ ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿರುತ್ತದೆ. ಐದು ಕಲ್ಲಿಟ್ಟು ಪಾಂಡವರ ಪೂಜೆ, ಪೈರಿಗೆ ಚರಗ, ಆಮೇಲೆ ಸಜ್ಜೆ ರೊಟ್ಟಿ, ಅಂಬಲಿ, ಹಸಿ ಕಾಳುಗಳನ್ನೆಲ್ಲ ಕೂಡಿಸಿದ ಭಜ್ಜಿ. ಅಂದು ಊರೊಳಗೆ ಅಂಗಡಿ ತೆರೆದಿದ್ದರೂ ಕೊಳ್ಳುವವರು ಹೊಲದಲ್ಲಿರುತ್ತಾರೆ. ಪೈರು ನಿಂತ ಹೊಲವಿಲ್ಲದೆ ಈ ಹಬ್ಬ ನಡೆಯದು, ಆದ್ದರಿಂದ ಅದು ಸ್ಟೇಡಿಯಂ ಹತ್ತಿಲ್ಲ. ಬತುಕಮ್ಮವನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದು. ಅದರ ಬಲವೂ ಅಲ್ಲಿದೆ, ಸಡಿಲವಾದದ್ದೂ ಅಲ್ಲೇ.

ಹೈದರಾಬಾದು, ಬೀದರುಗಳ ನಡುವೆ ಜಹೀರಾಬಾದ್ ಸಿಗುತ್ತದೆ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದ ಪಿ.ವಿ. ಸತೀಶ್ 1983ರಲ್ಲಿ ಜೊತೆಗಾರರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿ, 2023ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ದಲಿತ ರೈತ ಮಹಿಳೆಯರೊಡನೆ ದುಡಿದರು. ಬಿತ್ತದೇ ಬರುವ ಸೊಪ್ಪುಗಳನ್ನು ಕಳೆಯೆಂದು ಕರೆಯಲು ಆ ಮಹಿಳೆಯರು ಒಪ್ಪಲಿಲ್ಲ, ಅವುಗಳನ್ನು ಊಟವೆಂದೇ ಲೆಕ್ಕಕ್ಕೆ ಹಿಡಿದರು. ಅಣ್ಣೆ ಸೊಪ್ಪು ಎಳೆಯದಾಗಿದ್ದಾಗ ಪಲ್ಯವಾಗುವ ಜಾತಿಯದೇ. ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳಲ್ಲಿ ಹಳೇ ಬೀಜಗಳನ್ನು ಊರೂರಿಗೆ ಒಯ್ಯುವ ಅವರ ಜಾತ್ರೆ, ಗಿನ್ನೆಸ್ ಕುಣಿತಕ್ಕಿಂತ ಬತುಕಮ್ಮದ ಮೂಲಕ್ಕೆ ಹತ್ತಿರ.

ನಗರದ ಕೈತೋಟಗಳ ಪಾಡೇ ಬೇರೆ. ನೆಕ್ಲೆಸ್ ರಸ್ತೆಯ ಪೀಪಲ್ಸ್ ಪ್ಲಾಜಾದ ನರ್ಸರಿ ಮೇಳದಲ್ಲಿ ಗೋದಾವರಿ ಸೀಮೆಯ ಕಡಿಯಂನಿಂದ ಬಂದ ಅಡೀನಿಯಂ, ಬೋಗನ್‌ವಿಲ್ಲ, ಕಸಿ ಮಾವು ಎಲ್ಲ ಸಿಗುತ್ತವೆ. ಅಲ್ಲಿ ಗುನುಗಿನ ಬೀಜ ಕೇಳಿದರೆ ಅಂಗಡಿಯವನು ನಗಬಹುದು. ಆದರೆ ಬಾಲ್ಕನಿಯ ಕುಂಡಕ್ಕೆ ಅದರಷ್ಟು ಸಲೀಸಾದ ಗಿಡ ಇನ್ನೊಂದಿಲ್ಲ. ಸಾಸಿವೆಗಿಂತ ಸಣ್ಣ ಕಪ್ಪು ಬೀಜವನ್ನು ಮುಂಗಾರಿನ ಮೊದಲ ಮಳೆಗೆ ಮಣ್ಣಿನ ಮೇಲೆ ಉದುರಿಸಿ ತೆಳ್ಳಗೆ ಮುಚ್ಚಿದರೆ ಹಬ್ಬದ ಹೊತ್ತಿಗೆ ತೆನೆ ಬಿಡುತ್ತದೆ. ತಾರಸಿಯಲ್ಲಿ ಒಂದು ಕುಂಬಳದ ಬಳ್ಳಿ, ಎರಡು ಚೆಂಡಿನ ಗಿಡ ಇದ್ದರೆ ಸಣ್ಣದೊಂದು ಬತುಕಮ್ಮಕ್ಕೆ ಮುಕ್ಕಾಲು ಸಾಮಗ್ರಿ ಮನೆಯಲ್ಲೇ ಆಯಿತು. ತಂಗಡಿಯದೇ ಪೇಚು. ಆಳಕ್ಕೆ ಬೇರಿಳಿಸುವ ಗಿಡ ಕುಂಡದಲ್ಲಿ ಕೊರಗುತ್ತದೆ. ಅದಕ್ಕೆ ಕಾಂಪೌಂಡಿನ ಗೋಡೆಯ ಬದಿಯ ಮೊರಂ ಮಣ್ಣು ಸಾಕು, ಬೇರೂರಿದ ಮೇಲೆ ನೀರೂ ಬೇಡ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ಲಾನಿಗೆ ನೀರುಣಿಸುವ ಅಪಾರ್ಟ್‌ಮೆಂಟ್ ಸಂಘಗಳು ಮುಂದಿನ ಸಭೆಯಲ್ಲಿ ಡಿಜೆಯ ಬಾಡಿಗೆಯ ಜೊತೆಗೆ ಇದನ್ನೂ ಚರ್ಚೆಗೆ ಎತ್ತಿಕೊಳ್ಳಬಹುದು.